ಬೇರೆ ಬೇರೆ ಕಾಲದ ನಾಯಕರು ಒಂದೇ ಪೇಂಟಿಂಗ್‌ನಲ್ಲಿ ಕೂತಿದ್ರೆ ಅದನ್ನ ಓದೋದು ಹೇಗೆ

ವಾಟ್ಸಾಪ್‌ನಲ್ಲಿ ಆಗಾಗ ಬರ್ತಿರುತ್ತಲ್ಲ, ಶಿವಾಜಿ, ರಾಣಾ ಪ್ರತಾಪ್, ಭಗತ್ ಸಿಂಗ್, ಸುಭಾಷ್ ಚಂದ್ರ ಬೋಸ್ ಎಲ್ರೂ ಒಂದೇ ಸಾಲಲ್ಲಿ ನಿಂತಿರೋ ಚಿತ್ರ, ಇಲ್ಲಾ ಅಮೆರಿಕದ ಅಧ್ಯಕ್ಷರೆಲ್ಲ ಒಂದು ಟೇಬಲ್ ಸುತ್ತ ಕೂತು ಹರಟ್ತಿರೋ ಪೇಂಟಿಂಗು. ಇಂಥವನ್ನ ನೋಡಿದ ತಕ್ಷಣ ನಮ್ಮಲ್ಲಿ ಅರ್ಧ ಜನ "ಇವ್ರೆಲ್ಲ ಒಂದೇ ಕಾಲದಲ್ಲಿ ಎಲ್ಲಿದ್ರು, ಬರೀ ಸುಳ್ಳು" ಅಂತ ಸ್ಕ್ರೋಲ್ ಮಾಡ್ಕೊಂಡು ಹೋಗ್ತಾರೆ, ಇನ್ನರ್ಧ ಜನ ಝೂಮ್ ಮಾಡಿ ಇವ್ರು ಯಾರು ಅವ್ರು ಯಾರು ಅಂತ ಹೆಸರು ಹುಡುಕೋಕೆ ಕೂರ್ತಾರೆ. ಎರಡೂ ಮಾಡಿದ್ರೂ ಚಿತ್ರ ಏನ್ ಹೇಳ್ತಿದೆ ಅನ್ನೋದು ಸಿಗಲ್ಲ. ಒಂದೇ ಕಾಲದವರಲ್ಲ ಅನ್ನೋದು ಬರೆದವನಿಗೂ ಗೊತ್ತಿರುತ್ತೆ ಕಣ್ರೀ, ಗೊತ್ತಿದ್ದೇ ಕೂರಿಸಿರ್ತಾನೆ.

ನಾನು ಇಂಥ ಚಿತ್ರಗಳನ್ನ ನೋಡೋದು ಪಹಣಿ, ಖಾತೆ ನೋಡೋ ಥರ. ಯಾರದೋ ಆಸ್ತಿ ಯಾರದೋ ಹೆಸರಿಗೆ ಖಾತೆ ಆಗ್ತಿದೆ, ಆ ಆಸ್ತಿ ಅಂದ್ರೆ ಗೌರವ, ಅಧಿಕಾರ, ಜನ ಇಟ್ಕೊಂಡಿರೋ ಪ್ರೀತಿ. ಯಾರಿಂದ, ಯಾರಿಗೆ, ಮಧ್ಯದಲ್ಲಿ ಯಾರನ್ನ ಬಿಟ್ರು, ರಿಜಿಸ್ಟ್ರೇಷನ್ ಖರ್ಚು ಯಾರು ಕೊಟ್ರು, ಇಷ್ಟು ಕೇಳಿದ್ರೆ ಬಹುಪಾಲು ಚಿತ್ರ ಬಾಯಿ ಬಿಡುತ್ತೆ.

ಮೊದ್ಲು ಇಸವಿ ಬರ್ಕೊಳ್ಳಿ

ಒಂದು ಚೀಟಿ ತಗೊಂಡು ಚಿತ್ರದಲ್ಲಿರೋ ಮುಖ್ಯವಾದವರ ಹುಟ್ಟಿದ ವರ್ಷ ಸತ್ತ ವರ್ಷ ಬರೀರಿ, ಕೆಳಗಡೆ ಚಿತ್ರ ಬರೆದ ವರ್ಷ ಬರೀರಿ. ಬೇಜಾರಿನ ಕೆಲಸ ಅನ್ಸುತ್ತೆ, ಆದ್ರೆ ಇದನ್ನ ಮಾಡ್ದೆ ಮುಂದೆ ಹೋಗ್ಬೇಡಿ. ಚಿತ್ರ ಬರೆದಾಗ ಬದುಕಿದ್ದವರು ಯಾರು ಅನ್ನೋದು ಇದರಲ್ಲಿ ಗೊತ್ತಾಗುತ್ತೆ, ಸಾಮಾನ್ಯವಾಗಿ ಹತ್ತು ಜನ ಸತ್ತವರ ಮಧ್ಯ ಒಬ್ಬ ಬದುಕಿರೋನು ಇದ್ರೆ ಚಿತ್ರ ಅವನಿಗೋಸ್ಕರ ಬರೆದಿದ್ದೇ.

ನನಗೆ ತುಂಬ ಇಷ್ಟವಾದ ಉದಾಹರಣೆ ಒಂದಿದೆ, ಮೊಘಲರ ಕಾಲದ್ದು. ಬಿಚಿತ್ರ್ ಅನ್ನೋ ಕಲಾವಿದ 1630-31ರ ಹೊತ್ತಿಗೆ ಬರೆದಿದ್ದು, ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿರೋ ಚೆಸ್ಟರ್ ಬೀಟಿ ಲೈಬ್ರರಿಲಿದೆ. ಮೂವರು ಬಾದಶಹರು ಕೂತಿದಾರೆ, ನಡುವೆ ಅಕ್ಬರ್, ಆ ಕಡೆ ಈ ಕಡೆ ಜಹಾಂಗೀರ್ ಮತ್ತೆ ಶಹಜಹಾನ್, ಕೆಳಗಡೆ ಅವರವರ ಮಂತ್ರಿಗಳು ಕೈಕಟ್ಟಿ ನಿಂತಿದಾರೆ. ಅಕ್ಬರ್ ಕಿರೀಟ ಕೊಡ್ತಿದಾನೆ. ಈಗ ಇಸವಿ ಹಾಕಿ ನೋಡಿ. ಅಕ್ಬರ್ ಸತ್ತಿದ್ದು 1605, ಜಹಾಂಗೀರ್ ಸತ್ತಿದ್ದು 1627, ಶಹಜಹಾನ್ ಪಟ್ಟಕ್ಕೆ ಬಂದಿದ್ದು 1628. ಅಂದ್ರೆ ಚಿತ್ರ ಬರೆಯೋ ಹೊತ್ತಿಗೆ ಬದುಕಿರೋದು ಶಹಜಹಾನ್ ಒಬ್ನೇ, ಬರೆದವನು ಅವನದೇ ಆಸ್ಥಾನದ ಕಲಾವಿದ. ಯಾರ ಹೆಸರಿಗೆ ಖಾತೆ ಅನ್ನೋದು ಇಲ್ಲಿಗೇ ಗೊತ್ತಾಯ್ತು.

ಕೈಗಳನ್ನ ನೋಡಿ, ಮುಖ ಆಮೇಲೆ

ಮುಖ ನೋಡಿದ್ರೆ ಯಾರು ಅಂತ ಗೊತ್ತಾಗುತ್ತೆ ಅಷ್ಟೇ, ಕೈ ನೋಡಿದ್ರೆ ಏನ್ ನಡೀತಿದೆ ಅಂತ ಗೊತ್ತಾಗುತ್ತೆ. ಈ ಚಿತ್ರದಲ್ಲಿ ಕಿರೀಟ ಅಕ್ಬರ್ ಕೈಯಿಂದ ಹೋಗ್ತಿರೋದು ಎಲ್ಲಿಗೆ? ಮಗ ಜಹಾಂಗೀರ್‌ಗೆ ಅಲ್ಲ, ಮೊಮ್ಮಗ ಶಹಜಹಾನ್‌ಗೆ. ಅಪ್ಪ ಪಕ್ಕದಲ್ಲೇ ಕೂತಿದಾನೆ, ಆದ್ರೆ ಕಿರೀಟ ಮಾತ್ರ ತಾತನಿಂದ ನೇರ ಮೊಮ್ಮಗನಿಗೆ. ನಿಜವಾಗಿ ಅಕ್ಬರ್ ಸತ್ತಾಗ ಶಹಜಹಾನ್‌ಗೆ ಇನ್ನೂ 13 ವರ್ಷ, ಖುರ್ರಂ ಅಂತ ಹೆಸರು, ಕಿರೀಟ ಗಿರೀಟ ಏನೂ ಕೊಟ್ಟಿರ್ಲಿಲ್ಲ.

ಹಂಗಾದ್ರೆ ಅಪ್ಪನನ್ನ ಯಾಕೆ ಬೈಪಾಸ್ ಮಾಡಿದ್ದು ಅಂದ್ರೆ, 1622ರಲ್ಲಿ ಈ ಶಹಜಹಾನ್ ಜಹಾಂಗೀರ್ ವಿರುದ್ಧನೇ ದಂಗೆ ಎದ್ದಿದ್ದ. ಅಪ್ಪ ಮಗನ ಸಂಬಂಧ ಹಳಸಿ ಹೋಗಿತ್ತು. ಅಪ್ಪನೇ ಖುಷಿಯಿಂದ ಕಿರೀಟ ಕೊಟ್ಟ ಅಂತ ಬರೆಸಿದ್ರೆ ಆಸ್ಥಾನದಲ್ಲಿ ಯಾರು ನಂಬ್ತಾರೆ, ಎಲ್ರಿಗೂ ವಿಷಯ ಗೊತ್ತು. ತಾತನ ಹೆಸರು ದೊಡ್ಡದು, ಆ ಹೆಸರಿನ ಮೇಲೆ ಯಾರೂ ತಕರಾರು ತೆಗೆಯಂಗಿಲ್ಲ, ಅಪ್ಪನನ್ನ ಸಾಕ್ಷಿಯಾಗಿ ಪಕ್ಕದಲ್ಲಿ ಕೂರಿಸಿದ್ರೆ ಅವಮಾನ ಮಾಡ್ದಂಗೂ ಆಗಲ್ಲ. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದಾರೆ ನೋಡಿ.

ಇದೇ ಕಾಲದಲ್ಲಿ ಗೋವರ್ಧನ್ ಅನ್ನೋ ಇನ್ನೊಬ್ಬ ಕಲಾವಿದ ಬರೆದ ಜೋಡಿ ಚಿತ್ರದಂಥದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮೊಘಲರ ಮೂಲಪುರುಷ ತೈಮೂರ್ ಬಾಬರ್‌ಗೆ ಕಿರೀಟ ಕೊಡ್ತಿದಾನೆ, ಹುಮಾಯೂನ್ ಕೂತು ನೋಡ್ತಿದಾನೆ. ತೈಮೂರ್ ಸತ್ತಿದ್ದು 1405, ಬಾಬರ್ ಹುಟ್ಟಿದ್ದೇ 1483! ಮಧ್ಯ ನಾಲ್ಕು ತಲೆಮಾರು ಕಾಣೆ. ಇಲ್ಲಿ ಶಹಜಹಾನ್ ಚಿತ್ರದಲ್ಲೇ ಇಲ್ಲ, ಆದ್ರೂ ಇದು ಅವನದೇ ಚಿತ್ರ, ಯಾಕಂದ್ರೆ ತೈಮೂರನ ಬಿರುದಾದ ಸಾಹಿಬ್-ಎ-ಕಿರಾನ್ (ಶುಭ ಗ್ರಹಕೂಟದ ಒಡೆಯ) ಅನ್ನೋದನ್ನ ತಗೊಂಡು ಶಹಜಹಾನ್ ತಾನು ಎರಡನೇ ಸಾಹಿಬ್-ಎ-ಕಿರಾನ್ ಅಂತ ಕರ್ಕೊಂಡಿದ್ದ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ರೆ ತೈಮೂರ್‌ನಿಂದ ಬಾಬರ್, ಅಕ್ಬರ್‌ನಿಂದ ಶಹಜಹಾನ್, ಎಲ್ಲೂ ಜಗಳ ಇಲ್ಲ, ಎಲ್ಲೂ ರಕ್ತ ಇಲ್ಲ.

ರಕ್ತ ಇತ್ತು. ಅದಕ್ಕೇ ಮುಂದಿನ ಪ್ರಶ್ನೆ.

ಯಾರಿಲ್ಲ?

ಚಿತ್ರದಲ್ಲಿ ಇರೋರಿಗಿಂತ ಇಲ್ಲದೇ ಇರೋರ ಪಟ್ಟಿ ಮಾಡೋದು ಕಷ್ಟ, ಯಾಕಂದ್ರೆ ಕಣ್ಣಿಗೆ ಕಾಣ್ತಿಲ್ವಲ್ಲ. ನಾನು ಮಾಡೋದು ಇಷ್ಟು, ಪಕ್ಷ ಆಗ್ಲಿ ವಂಶ ಆಗ್ಲಿ ಅದರ ಪೂರ್ತಿ ಪಟ್ಟಿಯನ್ನ ಬೇರೆ ಕಡೆಯಿಂದ ತೆಗೆದು ಪಕ್ಕದಲ್ಲಿಟ್ಕೊಂಡು ಒಂದೊಂದೇ ಟಿಕ್ ಹಾಕ್ತಾ ಹೋಗೋದು. ಟಿಕ್ ಬೀಳ್ದೇ ಉಳಿದ ಹೆಸರುಗಳಲ್ಲೇ ಕಥೆ ಇರುತ್ತೆ.

ಮೊಘಲರ ಚಿತ್ರಕ್ಕೆ ಇದನ್ನ ಮಾಡಿದ್ರೆ ಏನ್ ಸಿಗುತ್ತೆ ಗೊತ್ತಾ. ಶಹಜಹಾನ್‌ನ ಅಣ್ಣ ಖುಸ್ರೋ, 1622ರಲ್ಲಿ ಬುರ್ಹಾನ್‌ಪುರದಲ್ಲಿ ಇದೇ ತಮ್ಮನ ವಶದಲ್ಲಿದ್ದಾಗ ಸತ್ತ. ಖುಸ್ರೋ ಮಗ ದಾವರ್ ಬಕ್ಷ್‌ನನ್ನ ಜಹಾಂಗೀರ್ ಸತ್ತ ಮೇಲೆ ಸ್ವಲ್ಪ ದಿನದ ಮಟ್ಟಿಗೆ ಸಿಂಹಾಸನದ ಮೇಲೆ ಕೂರಿಸಿದ್ರು, ಶಹಜಹಾನ್ ದಕ್ಖನ್‌ನಿಂದ ಬರೋವರೆಗೂ ಜಾಗ ಹಿಡಿಯೋಕೆ. ಆಮೇಲೆ 1628ರಲ್ಲಿ ಅವನನ್ನೂ, ಶಹಜಹಾನ್‌ನ ತಮ್ಮ ಶಹರ್ಯಾರ್‌ನನ್ನೂ ಮುಗಿಸಿದ್ರು. ಇದಾಗಿ ಎರಡು ಮೂರು ವರ್ಷಕ್ಕೆ ಈ ಶಾಂತವಾದ, ಮೂವರೂ ಬಾದಶಹರು ಒಟ್ಟಿಗೆ ಕೂತಿರೋ, ಚಿನ್ನದ ಬಣ್ಣದ ಚಿತ್ರ. ಇಸವಿ ಚೀಟಿ ಪಕ್ಕದಲ್ಲಿ ಇಲ್ಲದೇ ಇದ್ರೆ ಆಹಾ ಎಂಥ ಕುಸುರಿ ಕೆಲಸ ಅಂತ ಮೆಚ್ಕೊಂಡು ಬಂದ್ಬಿಡ್ತೀವಿ. ಕುಸುರಿ ಕೆಲಸ ಚೆನ್ನಾಗಿದೆ ಅನ್ನೋದು ಬೇರೆ ಮಾತು.

ಇನ್ನೊಂದು ವಿಷಯ, ಕೆಲವು ಚಿತ್ರದಲ್ಲಿ ಇಲ್ಲದೇ ಇದ್ದವರು ಆಮೇಲೆ ಬಂದು ಸೇರ್ಕೋತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಬಟ್ಟೆ ಮೇಲೆ ಬರೆದ ಒಂದು ದೊಡ್ಡ ಮೊಘಲ್ ಚಿತ್ರ ಇದೆ, ತೈಮೂರ್ ವಂಶದ ರಾಜಕುಮಾರರು ಅಂತ ಕರೀತಾರೆ. ಮೂಲದಲ್ಲಿ ಇದು 1550ರ ದಶಕದ್ದು, ಹುಮಾಯೂನ್ ತೋಟದ ಮಂಟಪದಲ್ಲಿ ಕೂತಿರೋದು. ಆಮೇಲಿನ ಪೀಳಿಗೆಯವರು ಅದೇ ಬಟ್ಟೆ ಮೇಲೆ ತಿದ್ದಿ ಅಕ್ಬರ್, ಜಹಾಂಗೀರ್, ಶಹಜಹಾನ್‌ರನ್ನ ಹುಮಾಯೂನ್ ಎದುರಿಗೆ ಕೂರಿಸಿದ್ರು, ಕೂತವರ ಹೆಸರುಗಳನ್ನೂ ಬರೆಸಿದ್ರು. ತೋಟದ ಪಾರ್ಟಿ ಹೋಗಿ ವಂಶಾವಳಿ ಆಯ್ತು. ಹಾಗಾಗಿ ಹಳೇ ಚಿತ್ರ ಆದ್ರೆ "ಯಾವಾಗ ಬರೆದಿದ್ದು" ಅಂತ ಒಂದ್ಸಲ ಕೇಳಿದ್ರೆ ಸಾಲ್ದು, "ಯಾವಾಗ ತಿದ್ದಿದ್ದು" ಅಂತಾನೂ ಕೇಳ್ಬೇಕು.

ಬೆನ್ನು ತಿರುಗಿಸಿ ಕೂತವನು

ಈಗ ಅಮೆರಿಕದ ಚಿತ್ರಕ್ಕೆ ಬರೋಣ, ತುಂಬ ಜನ ನೋಡಿರ್ತೀರ. ಮಿಸೂರಿ ರಾಜ್ಯದ ಆಂಡಿ ಥಾಮಸ್ ಬರೆದ ದ ರಿಪಬ್ಲಿಕನ್ ಕ್ಲಬ್. ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಅಧ್ಯಕ್ಷರಾದವರು, ಲಿಂಕನ್, ಟೆಡ್ಡಿ ರೂಸ್‌ವೆಲ್ಟ್, ಐಸೆನ್‌ಹೋವರ್, ನಿಕ್ಸನ್, ರೇಗನ್, ಇಬ್ಬರು ಬುಶ್‌ಗಳು, ಟ್ರಂಪ್, ಎಲ್ರೂ ಬಾರ್ ಥರದ ಜಾಗದಲ್ಲಿ ಟೇಬಲ್ ಸುತ್ತ ಸೇರ್ಕೊಂಡು ನಗ್ತಿದಾರೆ. 2018ರ ಅಕ್ಟೋಬರ್‌ನಲ್ಲಿ ಟ್ರಂಪ್ ಟಿವಿ ಇಂಟರ್‌ವ್ಯೂ ಕೊಡುವಾಗ ವೈಟ್‌ಹೌಸ್ ಗೋಡೆ ಮೇಲೆ ಇದು ಕಾಣಿಸ್ತು, ಅಲ್ಲಿಂದ ಇಂಟರ್ನೆಟ್ ತುಂಬ ಇದೇ. ಸಂಸದ ಡ್ಯಾರೆಲ್ ಐಸಾ ಟ್ರಂಪ್‌ಗೆ ಗಿಫ್ಟ್ ಕೊಟ್ಟಿದ್ದಂತೆ.

ಎಲ್ರೂ ಟ್ರಂಪ್ ತೆಳ್ಳಗೆ ಕಾಣ್ತಾನೆ ಅಂತ ಜೋಕ್ ಮಾಡೋದ್ರಲ್ಲೇ ಮುಳುಗಿಹೋದ್ರು, ನಾವು ಕೂರೋ ಜಾಗ ನೋಡೋಣ. ಬೆಳಕು ಬೀಳ್ತಿರೋ ಬಿಳಿ ಶರ್ಟು, ಕೆಂಪು ಟೈ, ಟ್ರಂಪ್ ನಡುವೆ. ಅವರೆದುರಿಗೆ ನಮಗೆ ಬೆನ್ನು ಹಾಕಿ ಕೂತಿರೋದು ಲಿಂಕನ್. ಪಕ್ಷದ ಅತಿ ದೊಡ್ಡ ಹೆಸರಿಗೇ ಬೆನ್ನು ಯಾಕೆ? ಎರಡು ಕಾರಣ ನನಗೆ ಕಾಣುತ್ತೆ. ಒಂದು, ಲಿಂಕನ್ ಮುಖ ಕಂಡ್ರೆ ಎಲ್ರ ಕಣ್ಣೂ ಅಲ್ಲಿಗೇ ಹೋಗುತ್ತೆ, ನಡುವೆ ಇರೋನು ಮಂಕಾಗ್ತಾನೆ. ಇನ್ನೊಂದು, ಬೆನ್ನು ತಿರುಗಿಸಿ ಕೂತವನ ಹಿಂದೆ ನಾವು ನಿಂತಂಗಾಗುತ್ತೆ, ಲಿಂಕನ್ ಭುಜದ ಮೇಲಿಂದ ನಾವೂ ಆ ಟೇಬಲ್‌ಗೆ ಇಣುಕ್ತೀವಿ. ನೋಡೋರನ್ನ ಚಿತ್ರದೊಳಗೆ ಎಳ್ಕೊಳ್ಳೋಕೆ ಪೇಂಟರ್‌ಗಳು ಶತಮಾನಗಳಿಂದ ಬಳಸ್ತಿರೋ ಹಳೇ ಉಪಾಯ ಇದು.

ಟೇಬಲ್ ದುಂಡಗಿದೆ, ಕಿರೀಟ ಇಲ್ಲ, ಗ್ಲಾಸ್ ಇದೆ. ರಾಜರ ಚಿತ್ರದಲ್ಲಿ ಮೇಲಿನವನು ಕೆಳಗಿನವನಿಗೆ ಕೊಡೋದು, ಇಲ್ಲಿ ಎಲ್ರೂ ಸರಿಸಮ, ಒಂದೇ ಗ್ಯಾಂಗು. ಆದ್ರೆ ಇಲ್ಲೇ ಸ್ವಲ್ಪ ಇತಿಹಾಸ ಕೈಯಲ್ಲಿದ್ರೆ ಚಿತ್ರ ಅಲ್ಲಾಡೋಕೆ ಶುರುವಾಗುತ್ತೆ. 1860ರ ಚುನಾವಣೆಯಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಲಿಂಕನ್‌ಗೆ ಓಟು ಹಾಕೋಕೆ ಬ್ಯಾಲೆಟ್ಟೇ ಇರ್ಲಿಲ್ಲ, ಗುಲಾಮಗಿರಿ ಹರಡೋದನ್ನ ತಡೀಬೇಕು ಅಂದಿದ್ದಕ್ಕೆ ಅಷ್ಟು ಕೋಪ. ಇವತ್ತು ಅದೇ ದಕ್ಷಿಣ ರಿಪಬ್ಲಿಕನ್ ಪಕ್ಷದ ಭದ್ರಕೋಟೆ. ಟೆಡ್ಡಿ ರೂಸ್‌ವೆಲ್ಟ್ 1912ರಲ್ಲಿ ಇದೇ ಪಕ್ಷ ಬಿಟ್ಟು ಬೇರೆ ಪಕ್ಷದಿಂದ ನಿಂತಿದ್ದ, ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದ. ಇವರನ್ನೆಲ್ಲ ಒಂದೇ ಟೇಬಲ್‌ಗೆ ಕಟ್ಟಿರೋ ದಾರ ಪಕ್ಷದ ಹೆಸರು ಮಾತ್ರ. ಅದನ್ನ ನಗು ಮುಚ್ಚಿಹಾಕುತ್ತೆ, ಎಲ್ರೂ ನಗ್ತಿದ್ರೆ ಯಾರು ಯಾರ ಜೊತೆ ಜಗಳ ಆಡಿದ್ರು ಅಂತ ಕೇಳೋಕೆ ಮನಸ್ಸೇ ಬರಲ್ಲ.

ಹಿಂದುಗಡೆ ದೂರದಲ್ಲಿ ಒಬ್ಬ ಹೆಂಗಸಿನ ಆಕೃತಿ ಟೇಬಲ್ ಕಡೆ ನಡ್ಕೊಂಡು ಬರ್ತಿದೆ, ಮುಖ ಸ್ಪಷ್ಟ ಇಲ್ಲ. ಮುಂದೊಂದು ದಿನ ಬರೋ ಮೊದಲ ಮಹಿಳಾ ಅಧ್ಯಕ್ಷೆ ಅಂತ ಥಾಮಸ್ ಅವರೇ ಹೇಳಿದಾರೆ. ಇದನ್ನ ನೋಡಿ ಸಾಧಾರಣವಾಗಿ ಜನ ಇದು ಟ್ರಂಪ್ ಭಕ್ತ ಬರೆದ ಚಿತ್ರ ಅಂತ ತೀರ್ಮಾನಕ್ಕೆ ಬರ್ತಾರೆ, ಆದ್ರೆ ಇದೇ ಥಾಮಸ್ ಡೆಮಾಕ್ರಟಿಕ್ ಕ್ಲಬ್ ಅಂತ ಇನ್ನೊಂದನ್ನೂ ಬರೆದಿದಾರೆ, ಅಲ್ಲಿ ಒಬಾಮಾ, ಕ್ಲಿಂಟನ್, ಕೆನಡಿ ಎಲ್ಲ ಅದೇ ಥರ ನಗ್ತಾ ಸೇರಿದಾರೆ, ಅಲ್ಲೂ ಹಿಂದೆ ಒಬ್ಬ ಹೆಂಗಸು ಬರ್ತಿದಾಳೆ. ಎರಡಕ್ಕೂ ಪ್ರಿಂಟ್ ಮಾರಾಟ ಇದೆ. ಅದಕ್ಕೇ ಹೇಳೋದು, ಒಬ್ಬ ಪೇಂಟರ್‌ನ ಒಂದೇ ಚಿತ್ರ ನೋಡಿ ಅವನ ರಾಜಕೀಯ ನಿರ್ಧಾರ ಮಾಡ್ಬೇಡಿ, ಅವನ ಬೇರೆ ಕೆಲಸ ನೋಡಿ. ಇಲ್ಲಿ ರಾಜಕೀಯ ಇರೋದು ಬರೆದವನಿಗಿಂತ ಜಾಸ್ತಿ ಅದನ್ನ ಗೋಡೆಗೆ ಹಾಕ್ಕೊಂಡವನಲ್ಲಿ.

ಇದಕ್ಕೆ ಪೂರ್ತಿ ಉಲ್ಟಾ ಬೇಕಂದ್ರೆ ಜಾನ್ ಮೆಕ್‌ನಾಟನ್ 2010ರಲ್ಲಿ ಬರೆದ ದ ಫರ್ಗಾಟನ್ ಮ್ಯಾನ್ ನೋಡಿ. ಅಲ್ಲೂ ಅಮೆರಿಕದ ಅಧ್ಯಕ್ಷರೆಲ್ಲ ವೈಟ್‌ಹೌಸ್ ಮುಂದೆ ಸೇರಿದಾರೆ, ಆದ್ರೆ ಒಬಾಮಾ ಕಾಲ ಕೆಳಗೆ ಸಂವಿಧಾನದ ಹಾಳೆ, ಆ ಸಂವಿಧಾನ ರೂಪಿಸಿದವರಲ್ಲಿ ಮುಖ್ಯನಾದ ಹಳೇ ಅಧ್ಯಕ್ಷ ಮ್ಯಾಡಿಸನ್ ಬೇಡ ಬೇಡ ಅಂತ ಕೇಳ್ಕೋತಿದಾನೆ, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಒಬ್ಬ ಸಾಮಾನ್ಯ ಮನುಷ್ಯ. ಇಲ್ಲಿ ಸತ್ತವರು ಬಂದಿರೋದು ಆಸ್ತಿ ಕೊಡೋಕಲ್ಲ, ಬದುಕಿರೋನನ್ನ ಕಟಕಟೆಗೆ ಹಾಕೋಕೆ. ಹಿಂಗೂ ಇರುತ್ತೆ. ಚಿತ್ರವಾಗಿ ನನಗೆ ಇದು ಅಷ್ಟೇನೂ ಹಿಡಿಸಲ್ಲ, ಎಲ್ಲಾನೂ ಬೋರ್ಡ್ ಬರೆದು ಹೇಳ್ದಂಗಿದೆ, ಓದೋಕೆ ಅಂತ ಏನೂ ಉಳಿಯಲ್ಲ.

ಎಲ್ಲಿಗೆ ಅಂತ ಬರೆದಿದ್ದು, ಆಮೇಲೆ ಏನಾಯ್ತು

ಮೊಬೈಲಲ್ಲಿ ನೋಡ್ವಾಗ ಮರೆತುಹೋಗೋದು ಇದೇ, ಚಿತ್ರ ಮೂಲದಲ್ಲಿ ಯಾವ ಗೋಡೆ ಮೇಲಿತ್ತು ಅನ್ನೋದು. ಮೆಕ್ಸಿಕೋದ ದಿಯೆಗೊ ರಿವೆರಾ 1947ರಲ್ಲಿ ಮುಗಿಸಿದ ಅಲಮೇದಾ ಪಾರ್ಕಿನ ಭಾನುವಾರ ಮಧ್ಯಾಹ್ನದ ಕನಸು ಅನ್ನೋ ಗೋಡೆ ಚಿತ್ರ ತಗೊಳ್ಳಿ. ಸುಮಾರು 15 ಮೀಟರ್ ಉದ್ದ, 4 ಮೀಟರ್‌ಗಿಂತ ಜಾಸ್ತಿ ಎತ್ತರ. ಬರೆದಿದ್ದು ಮೆಕ್ಸಿಕೋ ಸಿಟಿಯ ಹೋಟೆಲ್ ದೆಲ್ ಪ್ರಾದೋ ಅನ್ನೋ ದೊಡ್ಡ ಹೋಟೆಲಿನ ಊಟದ ಹಾಲ್‌ಗೆ, ಆ ಹೋಟೆಲ್ ಇದ್ದಿದ್ದೇ ಅಲಮೇದಾ ಪಾರ್ಕಿನ ಎದುರಿಗೆ. ಅಂದ್ರೆ ಒಳಗೆ ಊಟ ಮಾಡ್ತಿರೋ ದುಡ್ಡಿರೋ ಗಿರಾಕಿಗಳಿಗೆ, ಹೊರಗಡೆ ನೀವು ವಾಕಿಂಗ್ ಹೋಗ್ತೀರಲ್ಲ ಆ ಪಾರ್ಕಲ್ಲಿ 400 ವರ್ಷ ಏನೇನ್ ನಡೀತು ನೋಡಿ ಅಂತ ತೋರಿಸ್ತಿದೆ.

ಎಡಗಡೆ ತುದಿಯಿಂದ ಶುರುಮಾಡಿ. ಕೈಗೆ ರಕ್ತ ಮೆತ್ಕೊಂಡಿರೋ ಕೊರ್ತೆಸ್, ಮೆಕ್ಸಿಕೋ ಗೆದ್ದ ಸ್ಪೇನಿನವನು. ಪಕ್ಕದಲ್ಲಿ ಧರ್ಮದ ಹೆಸರಲ್ಲಿ ಶಿಕ್ಷೆಗೆ ಗುರಿಯಾದವರು, ಆ ಪಾರ್ಕಿನ ಜಾಗದಲ್ಲೇ ಹಿಂದೆ ಜನರನ್ನ ಸುಡ್ತಿದ್ರು. ಸಾಂತಾ ಆನಾ ಅನ್ನೋ ಜನರಲ್ ಅಮೆರಿಕದ ಸೇನಾಧಿಪತಿ ವಿನ್‌ಫೀಲ್ಡ್ ಸ್ಕಾಟ್‌ಗೆ ಬೀಗದ ಕೈ ಒಪ್ಪಿಸ್ತಿದಾನೆ, ಇದೂ ಒಂಥರ ಖಾತೆ ಬದಲಾವಣೆಯೇ, ದೇಶ ಕಳ್ಕೊಂಡಿದ್ದು. ಮೇಲೆ 1857ರ ಸಂವಿಧಾನ ಹಿಡಿದ ಅಧ್ಯಕ್ಷ ಬೆನಿಟೊ ಹ್ವಾರೆಸ್. ಬಲಗಡೆ ಸರ್ವಾಧಿಕಾರಿ ಪೋರ್ಫಿರಿಯೊ ದಿಯಾಸ್, ಆಮೇಲೆ ಅವನನ್ನ ಇಳಿಸಿ ಅಧ್ಯಕ್ಷನಾದ, ಟೋಪಿ ಎತ್ತಿ ಬೀಸ್ತಿರೋ ಮದೇರೋ. ಆದ್ರೆ ಇವರೆಲ್ಲ ಇರೋದು ಹಿಂದಿನ ಸಾಲುಗಳಲ್ಲಿ, ಮೇಲ್ಗಡೆ. ಮುಂದಿನ ಸಾಲಲ್ಲಿ ಪಾರ್ಕಿಗೆ ಬಂದ ಜನ, ತಿಂಡಿ ಬಲೂನು ಮಾರೋರು, ಮೂಲನಿವಾಸಿ ಕುಟುಂಬ ಒಂದನ್ನ ಪಾರ್ಕಿನಿಂದ ಓಡಿಸ್ತಿರೋ ಪೊಲೀಸ್.

ನಡುವೆ ಯಾರು? ಯಾವ ಅಧ್ಯಕ್ಷನೂ ಅಲ್ಲ. ದೊಡ್ಡ ಹ್ಯಾಟು ಹಾಕ್ಕೊಂಡ ಒಂದು ಅಸ್ಥಿಪಂಜರ, ಕತ್ರಿನಾ ಅಂತಾರೆ, 1913ರಲ್ಲಿ ಸತ್ತ ಹೊಸೆ ಗ್ವಾದಲೂಪೆ ಪೊಸಾದಾ ಅನ್ನೋ ಅಚ್ಚುಚಿತ್ರಗಾರ ಸೃಷ್ಟಿ ಮಾಡಿದ್ದು. ಅವಳ ಒಂದು ತೋಳು ಹಿಡ್ಕೊಂಡು ಕಪ್ಪು ಸೂಟಲ್ಲಿ ಪೊಸಾದಾನೇ ನಿಂತಿದಾನೆ. ಅವಳ ಇನ್ನೊಂದು ಕೈ ಹಿಡ್ಕೊಂಡಿರೋದು ಚಡ್ಡಿ ಹಾಕಿದ ಒಬ್ಬ ದಪ್ಪ ಕಣ್ಣಿನ ಹುಡುಗ, ಜೇಬಲ್ಲಿ ಕಪ್ಪೆ ಹಾವು ಇಟ್ಕೊಂಡಿದಾನೆ, ಅದು ಸ್ವತಃ ರಿವೆರಾ. ಹಿಂದೆ ಅವನ ಭುಜದ ಮೇಲೆ ಕೈಯಿಟ್ಟು ನಿಂತಿರೋದು ಹೆಂಡತಿ ಫ್ರೀಡಾ ಕಾಲೊ. ಇಸವಿ ಚೀಟಿ ತೆಗೀರಿ: ರಿವೆರಾ ಹುಟ್ಟಿದ್ದು 1886, ಫ್ರೀಡಾ 1907. ಚಿತ್ರದಲ್ಲಿ ಅವಳು ದೊಡ್ಡ ಹೆಂಗಸು, ಅವನು ಚಿಕ್ಕ ಹುಡುಗ.

ಈಗ ಕೈಗಳ ಲೈನ್ ನೋಡಿ, ಪೊಸಾದಾ, ಕತ್ರಿನಾ, ಹುಡುಗ ರಿವೆರಾ. ಬಿಚಿತ್ರ್ ಚಿತ್ರದಲ್ಲಿ ಕಿರೀಟ ಹೋದಂಗೆ ಇಲ್ಲಿ ಕೈ ಕೈ ಹಿಡ್ಕೊಂಡು ಕಲಾವಿದನಿಂದ ಕಲಾವಿದನಿಗೆ ಹೋಗ್ತಿದೆ, ನಡುವೆ ಸಾವು. ನಾಯಕರೆಲ್ಲ ಬ್ಯಾಕ್‌ಗ್ರೌಂಡು. ದೇಶದ ಇತಿಹಾಸ ನಮಗೆ ನೆನಪಿರೋದು ಅಧ್ಯಕ್ಷರಿಂದಲ್ಲ, ಅವರನ್ನ ಬರೆದು ಗೇಲಿ ಮಾಡಿದ ಪೊಸಾದಾನಂಥವರಿಂದ, ಅದರ ವಾರಸುದಾರ ನಾನು ಅಂತ ರಿವೆರಾ ಸದ್ದಿಲ್ದೆ ಹೇಳ್ಕೊಂಡಿದಾನೆ. ಸದ್ದಿಲ್ದೆ ಅಂದೆ, 15 ಮೀಟರ್ ಉದ್ದದ ಗೋಡೆ ಮಧ್ಯದಲ್ಲಿ ತನ್ನನ್ನೇ ಬರ್ಕೊಂಡು.

ಆದ್ರೆ ಜನ ಜಗಳ ಆಡಿದ್ದು ಇದಕ್ಕಲ್ಲ. ಇಗ್ನಾಸಿಯೊ ರಾಮಿರೆಸ್ ಅನ್ನೋ 19ನೇ ಶತಮಾನದ ಚಿಂತಕನ ಕೈಯಲ್ಲಿ ಒಂದು ಕಾಗದ ಇತ್ತು, ಅದರಲ್ಲಿ ದೇವರಿಲ್ಲ ಅಂತ ಬರೆದಿತ್ತು. ಆರ್ಚ್‌ಬಿಷಪ್ ಹೋಟೆಲ್‌ಗೆ ಆಶೀರ್ವಾದ ಮಾಡೋಕೆ ಒಪ್ಪಲಿಲ್ಲ, ವಿದ್ಯಾರ್ಥಿಗಳು ನುಗ್ಗಿ ಆ ಅಕ್ಷರ ಕೆರೆದುಹಾಕಿದ್ರು, ಆಮೇಲೆ ವರ್ಷಗಟ್ಟಲೆ ಚಿತ್ರವನ್ನ ಮುಚ್ಚಿಟ್ರು. ಕೊನೆಗೆ 1956ರಲ್ಲಿ ರಿವೆರಾನೇ ಬಂದು ಆ ಮಾತು ತೆಗೆದು, ರಾಮಿರೆಸ್ 1836ರಲ್ಲಿ ಭಾಷಣ ಮಾಡಿದ ಸಂದರ್ಭದ ಹೆಸರು ಮಾತ್ರ ಬರೆದ. ಭಾಷಣದಲ್ಲಿ ಏನಿತ್ತು ಅಂತ ಗೊತ್ತಿರೋರಿಗೆ ಅರ್ಥ ಆಗುತ್ತೆ, ಗೊತ್ತಿಲ್ದೋರಿಗೆ ತೊಂದ್ರೆ ಇಲ್ಲ. ಇಷ್ಟು ದೊಡ್ಡ ಗೋಡೇಲಿ ಒಂದು ಕಾಗದದ ಚೂರು. ಇದರಿಂದ ಕಲೀಬೇಕಾದ್ದು, ಚಿತ್ರದಲ್ಲಿ ಯಾರ ಕೈಲಾದ್ರೂ ಕಾಗದ, ಪುಸ್ತಕ, ಬೋರ್ಡು ಇದ್ರೆ ಅದನ್ನ ಓದ್ದೇ ಬಿಡ್ಬೇಡಿ, ಓದೋಕೆ ಆಗ್ದೇ ಇದ್ರೆ ಹೈ ರೆಸೊಲ್ಯೂಷನ್ ಕಾಪಿ ಹುಡುಕಿ. 1985ರ ಭೂಕಂಪದಲ್ಲಿ ಹೋಟೆಲ್ ಹಾಳಾಯ್ತು, ಚಿತ್ರ ಉಳೀತು, ಈಗ ಪಾರ್ಕಿನ ಪಕ್ಕ ಅದಕ್ಕೇ ಅಂತ ಒಂದು ಮ್ಯೂಸಿಯಂ ಇದೆ.

ವಾರಸುದಾರ ಚಿತ್ರದಲ್ಲೇ ಇಲ್ಲದಿದ್ರೆ?

ಕೆಲವು ಸಲ ಎಲ್ರೂ ಸತ್ತವರೇ ಇರ್ತಾರೆ. ನಮ್ಮ ಸಂವಿಧಾನದ ಮೂಲ ಪ್ರತಿ ಇದೆಯಲ್ಲ, ನಂದಲಾಲ್ ಬೋಸ್ ಮತ್ತೆ ಅವರ ಶಾಂತಿನಿಕೇತನದ ತಂಡ ಚಿತ್ರ ಬರೆದಿದ್ದು, ಅದರ 16ನೇ ಭಾಗದ ಶುರುವಿನಲ್ಲಿ ಟಿಪ್ಪು ಸುಲ್ತಾನ್ ಮತ್ತೆ ಝಾನ್ಸಿ ಲಕ್ಷ್ಮೀಬಾಯಿ ಒಟ್ಟಿಗಿದಾರೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತಿದ್ದು 1799, ಲಕ್ಷ್ಮೀಬಾಯಿ ಹುಟ್ಟಿದ್ದು 1828. ಮುಖಾಮುಖಿ ಆಗೋ ಮಾತೇ ಇಲ್ಲ. ಇದರ ಹಿಂದಿನ ಭಾಗದಲ್ಲಿರೋ ಶಿವಾಜಿ, ಗುರು ಗೋವಿಂದ ಸಿಂಗ್ ಜೋಡಿಯಾದ್ರೂ ಸ್ವಲ್ಪ ವರ್ಷ ಒಂದೇ ಕಾಲದಲ್ಲಿ ಬದುಕಿದ್ರು. ಟಿಪ್ಪು, ಲಕ್ಷ್ಮೀಬಾಯಿ ಇಬ್ಬರಿಗೂ ಕಾಮನ್ ಏನು ಅಂದ್ರೆ ಇಬ್ಬರೂ ಬ್ರಿಟಿಷರ ವಿರುದ್ಧ ಯುದ್ಧದಲ್ಲೇ ಸತ್ತವರು. ಇವರ ಆಸ್ತಿ ಹೋಗ್ತಿರೋದು ಚಿತ್ರದಲ್ಲಿರೋ ಯಾರಿಗೂ ಅಲ್ಲ, ಆ ಪುಸ್ತಕ ಕೈಯಲ್ಲಿ ಹಿಡಿದಿರೋ ಹೊಸ ಗಣರಾಜ್ಯಕ್ಕೆ, ಅಂದ್ರೆ ಓದ್ತಿರೋ ನಿಮಗೆ. ಚಿತ್ರದಲ್ಲಿ ವಾರಸುದಾರ ಕಾಣದಿದ್ರೆ ಚಿತ್ರದ ಮಾಲೀಕ ಯಾರು ಅಂತ ಹುಡುಕಿ ಅನ್ನೋದು ಇದಕ್ಕೇ.

ಇಲ್ಲೇ ಒಂದು ಎಚ್ಚರಿಕೆ. ಟಿಪ್ಪು ಜಯಂತಿ ಗಲಾಟೆ ಆದಾಗೆಲ್ಲ ನಮ್ಮಲ್ಲಿ ಈ ಪುಟ ಫಾರ್ವರ್ಡ್ ಆಗುತ್ತೆ, ಒಂದಷ್ಟು ಜನ ಆ ಭಾಗದಲ್ಲಿರೋ ವಿಧಿಗಳಿಗೂ ಈ ಚಿತ್ರಕ್ಕೂ ಗಂಟು ಹಾಕಿ ಏನೇನೋ ಅರ್ಥ ಹೇಳ್ತಾರೆ. ಹಾಗೆಲ್ಲ ಮಾಡ್ಬೇಡಿ. ಆ ಚಿತ್ರಗಳು ಮೊಹೆಂಜೊದಾರೋ ಕಾಲದಿಂದ ಸ್ವಾತಂತ್ರ್ಯದವರೆಗೆ ಇತಿಹಾಸದ ಕ್ರಮದಲ್ಲಿ ಸಾಗುತ್ವೆ, ಪಕ್ಕದ ಕಾನೂನಿಗೆ ಉದಾಹರಣೆಯಾಗಿ ಅಲ್ಲ. ಒಂದೇ ಪುಟ ಕಿತ್ಕೊಂಡು ನೋಡಿದ್ರೆ ಹಿಂದುಮುಂದಿನ ಸಾಲು ತಪ್ಪಿಹೋಗುತ್ತೆ.

ಬುದ್ಧ, ಬಸವ, ಅಂಬೇಡ್ಕರ್

ನಮ್ಮ ಕಡೆ ದಿನಾ ಪ್ರಾಕ್ಟೀಸ್ ಮಾಡೋಕೆ ಮ್ಯೂಸಿಯಂಗೆ ಹೋಗ್ಬೇಕಾಗಿಲ್ಲ, ಯಾವ್ದಾದ್ರೂ ವಿಚಾರ ಸಂಕಿರಣದ ವೇದಿಕೆ ಹಿಂದಿನ ಫ್ಲೆಕ್ಸ್ ನೋಡಿದ್ರೆ ಸಾಕು. ಬುದ್ಧ 2,500 ವರ್ಷದ ಹಿಂದಿನವನು, ಬಸವಣ್ಣ 12ನೇ ಶತಮಾನ, ಅಂಬೇಡ್ಕರ್ 1891ರಿಂದ 1956. ಬುದ್ಧನ ತಲೆ ಹಿಂದೆ ಪ್ರಭಾವಳಿ, ಅಂಬೇಡ್ಕರ್‌ಗೆ ನೀಲಿ ಸೂಟು, ಕೈಲಿ ಸಂವಿಧಾನ. ಬುದ್ಧನಿಂದ ಅಂಬೇಡ್ಕರ್‌ಗೆ ಬರೋ ಗೆರೆ ಗಟ್ಟಿ, 1956ರಲ್ಲಿ ನಾಗಪುರದಲ್ಲಿ ಅವರೇ ಬೌದ್ಧ ಧರ್ಮಕ್ಕೆ ಸೇರಿದ್ರು. ಆದ್ರೆ ಅಂಬೇಡ್ಕರ್ ತಮ್ಮ ಮೂವರು ಗುರುಗಳು ಅಂತ ಹೇಳಿದ್ದು ಬುದ್ಧ, ಕಬೀರ, ಜ್ಯೋತಿಬಾ ಫುಲೆ. ಮಹಾರಾಷ್ಟ್ರದ ಬ್ಯಾನರ್‌ಗಳಲ್ಲಿ ಫುಲೆ, ಶಾಹು ಮಹಾರಾಜ್ ಇರೋ ಜಾಗದಲ್ಲಿ ನಮ್ಮ ಬ್ಯಾನರ್‌ನಲ್ಲಿ ಬಸವಣ್ಣ ಬಂದು ನಿಲ್ತಾರೆ. ಅದು ಕರ್ನಾಟಕದವರು ಸೇರಿಸಿದ ಸಾಲು, ಜಾತಿ ವಿರುದ್ಧದ ಮಾತು ನಮ್ಮ ಮಣ್ಣಲ್ಲಿ, ನಮ್ಮ ಭಾಷೇಲಿ 800 ವರ್ಷದ ಹಿಂದೇನೇ ಇತ್ತು, ಹೊರಗಡೆಯಿಂದ ಬಂದಿದ್ದಲ್ಲ ಅಂತ ಹೇಳೋ ಸಾಲು. ನನಗದು ಸರಿಯಾದ ಸೇರ್ಪಡೆ ಅಂತಾನೇ ಅನ್ಸುತ್ತೆ.

ಇನ್ನು ನಾಲ್ಕನೇ ಐದನೇ ಮುಖ ಯಾರದು ನೋಡಿ. ಸಾವಿತ್ರಿಬಾಯಿ ಫುಲೆ ಇದಾರಾ, ಪೆರಿಯಾರ್ ಇದಾರಾ, ಕುವೆಂಪು ಇದಾರಾ, ನಾರಾಯಣ ಗುರುಗಳಿದಾರಾ, ಗಾಂಧಿ ಇದಾರಾ ಇಲ್ವಾ (ಗಾಂಧಿ ಇದ್ರೆ ಇಲ್ದಿದ್ರೆ ಅನ್ನೋದೇ ದೊಡ್ಡ ಸುಳಿವು). ಮೊದಲ ಮೂವರು ಎಲ್ಲಾ ಕಡೆ ಇರ್ತಾರೆ, ಕಾರ್ಯಕ್ರಮ ಯಾರದು ಅನ್ನೋದು ಆಮೇಲಿನ ಮುಖಗಳಿಂದ ಗೊತ್ತಾಗುತ್ತೆ. ಕೆಳಗಡೆ ಮೂಲೇಲಿ ಕೈಮುಗ್ಕೊಂಡು ನಿಂತಿರೋ ಲೋಕಲ್ ಲೀಡರ್ ಫೋಟೋನೂ ಬಿಡ್ಬೇಡಿ, ಇಸವಿ ಚೀಟಿ ಪ್ರಕಾರ ಬದುಕಿರೋನು ಅವನೊಬ್ಬನೇ.

ಕೊನೇದಾಗಿ ಹೆಸರು ಹುಡುಕೋ ಆಟದ ಬಗ್ಗೆ. ಚೀನೀ ಕಲಾವಿದರು ಮೂವರು ಸೇರಿ 2006ರಲ್ಲಿ ಬರೆದ, ಡಾಂಟೆ (ಇಟಲಿಯ ಹಳೇ ಕವಿ) ಜೊತೆ ಚರ್ಚೆ ಅನ್ನೋ ಅರ್ಥದ ಒಂದು ಚಿತ್ರ ಇದೆ, ಅದರಲ್ಲಿ 103 ಜನ, ಗಾಂಧಿ, ಮಾವೋ, ಲೆನಿನ್, ನೆಪೋಲಿಯನ್ ಎಲ್ರೂ. ಇಂಟರ್ನೆಟ್‌ನಲ್ಲಿ ಜನ ಎಲ್ಲ 103 ಹೆಸರನ್ನೂ ಗುರುತಿಸಿ ಪಟ್ಟಿ ಮಾಡಿಟ್ಟಿದಾರೆ, ಮೇಲ್ಗಡೆ ಡಾಂಟೆ ಜೊತೆ ನಿಂತು ಇದನ್ನೆಲ್ಲ ನೋಡ್ತಿರೋ ಆ ಮೂವರು ಪೇಂಟರ್‌ಗಳ ಬಗ್ಗೆ ಮಾತಾಡೋರು ಮಾತ್ರ ಕಡಿಮೆ. ಪಟ್ಟಿ ಆಗ್ಲೇ ಯಾರೋ ಮಾಡಿದ್ರೆ ಅದನ್ನೇ ತಗೊಳ್ಳಿ, ನಿಮ್ಮ ಟೈಮನ್ನ ಯಾರ ಪಕ್ಕ ಯಾರನ್ನ ಕೂರಿಸಿದಾರೆ ಅಂತ ನೋಡೋಕೆ ಉಳಿಸ್ಕೊಳ್ಳಿ.

ಫೋನಿಗೆ ಬಂದ ಚಿತ್ರ ಆದ್ರೆ ಇದ್ಯಾವುದಕ್ಕೂ ಮುಂಚೆ ಗೂಗಲ್ ಲೆನ್ಸ್‌ಗೆ ಹಾಕಿ ಪೇಂಟರ್ ಹೆಸರು, ವರ್ಷ, ಪೂರ್ತಿ ಚಿತ್ರ ಮೂರೂ ತೆಗೀರಿ. ಪೂರ್ತಿ ಚಿತ್ರ ಅಂತ ಒತ್ತಿ ಹೇಳ್ತಿದೀನಿ, ರಿವೆರಾ ಗೋಡೆ ಚಿತ್ರದ ನಡುವಿನ ನಾಲ್ಕು ಜನರನ್ನ ಮಾತ್ರ ಕತ್ತರಿಸಿ ಹಾಕಿರೋ ಕಾಪಿಗಳೇ ಜಾಸ್ತಿ ಸಿಗೋದು, ಅದರಲ್ಲಿ ಕೊರ್ತೆಸ್ ಇರಲ್ಲ, ಪೊಲೀಸ್ ಇರಲ್ಲ, ರಾಮಿರೆಸ್ ಕಾಗದನೂ ಇರಲ್ಲ. ಪೇಂಟರ್ ಹೆಸರೇ ಸಿಗ್ಲಿಲ್ಲ, ಬೆರಳು ಆರಾರು ಇದೆ, ಪುಸ್ತಕದ ಮೇಲಿನ ಅಕ್ಷರ ಯಾವ ಭಾಷೆನೂ ಅಲ್ಲ ಅಂದ್ರೆ ಎಐ ಮಾಡಿದ್ದು. ಅದನ್ನೂ ಓದ್ಬಹುದು, ಯಾರ ಹೆಸರಿಗೆ ಖಾತೆ ಅನ್ನೋ ಪ್ರಶ್ನೆ ಅಲ್ಲೂ ನಡಿಯುತ್ತೆ, ಆದ್ರೆ ಅಲ್ಲಿ ಬಟನ್, ಬೆರಳು, ಗ್ಲಾಸು ನೋಡ್ತಾ ಕೂರ್ಬೇಡಿ, ಯಾರೂ ಯೋಚ್ನೆ ಮಾಡಿ ಇಟ್ಟಿರಲ್ಲ. ಮೊದ್ಲು ಕಳಿಸಿದವರು ಯಾರು, ಯಾವ ಚುನಾವಣೆ ಹತ್ರ ಬಂದಿದೆ, ಅಷ್ಟು ನೋಡಿ.